ಉಪ್ಪಿಟ್ಟು ಮುಗಿಯುವುದರೊಳಗೆ

ಬೆಂಗಳೂರಿನಲ್ಲಿ ಹಾಫ್ ಮ್ಯಾರಥಾನ್ ಓಡುವವರಿಗೇನು ಬರವೇ? ಸಕ್ಕರೆ ಕಾಯಿಲೆಗೆ ಹೆದರಿ ಓಡುವವರಿದ್ದಾರೆ, ಹೊಟ್ಟೆ ಕರಗಿಸಲು ಓಡುವವರಿದ್ದಾರೆ, ಫೋಟೋ ಹಾಕಿಕೊಳ್ಳಲು ಓಡುವವರಂತೂ ದಂಡಿಯಾಗಿ ಸಿಗುತ್ತಾರೆ. ಆದರೆ ಉಪ್ಪಿಟ್ಟಿಗಾಗಿ ಓಡುವ ಮನುಷ್ಯ ನನಗೆ ತಿಳಿದಂತೆ ಇಡೀ ಊರಿಗೆ ಒಬ್ಬರೇ. ಅವರು ನಮ್ಮಕ್ಕನ ಗಂಡ, ಅಂದರೆ ನನ್ನ ಭಾವ!

ನಗಬೇಡಿ. ಈ ವಿಷಯದಲ್ಲಿ ಅವರು ತಮಾಷೆ ಸಹಿಸುವವರಲ್ಲ.

ಭಾವನದು ವಿಜಯನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ, ಬಸವೇಶ್ವರನಗರದಲ್ಲಿ ಮನೆ. ಐವತ್ತು ದಾಟುವ ತನಕ ಅವರು ಓಡಿದ್ದನ್ನು ಕಂಡವರಿಲ್ಲ. ಓಡುವುದಿರಲಿ, ಬೀದಿ ಕೊನೆಯ ಅಂಗಡಿಯಿಂದ ಮೊಸರು ತರಲಿಕ್ಕೂ ಸ್ಕೂಟರ್ ತೆಗೆಯುತ್ತಿದ್ದರು. ಆ ಹಳೇ ಸ್ಕೂಟರ್ ಸ್ಟಾರ್ಟ್ ಆಗುವಷ್ಟರಲ್ಲಿ ಅಕ್ಕ ನಡೆದು ಹೋಗಿ, ಮೊಸರು ತಂದು, ಮಜ್ಜಿಗೆ ಮಾಡಿ, ಒಗ್ಗರಣೆಯನ್ನೂ ಹಾಕಿ ಮುಗಿಸಿರುತ್ತಿದ್ದಳು!

ಇಂಥವರು ಓಟಕ್ಕೆ ಬಿದ್ದದ್ದು ಹೇಗೆ? ಅದೊಂದು ಕಥೆ. ಯಾರೋ ಓಟ ನಡೆಸುವವರು ಪ್ಲಾಸ್ಟಿಕ್ ಬೇಡವೆಂದು ಸ್ಟೀಲ್ ಲೋಟಗಳನ್ನೂ ಅಡುಗೆ ಪಾತ್ರೆಗಳನ್ನೂ ಭಾವನ ಅಂಗಡಿಯಿಂದ ತರಿಸಿಕೊಂಡರು. ಹೋಗುವಾಗ ಖುಷಿಯಿಂದ ಒಂದು ನಂಬರ್ ಚೀಟಿ ಕೊಟ್ಟು, "ಭಾನುವಾರ ಬನ್ನಿ ಸಾರ್, ತಿಂಡಿ ಎಲ್ಲಾ ಇದೆ" ಅಂದರು. ಭಾವನ ಕಿವಿಗೆ ಬಿದ್ದದ್ದು ತಿಂಡಿ ಒಂದೇ. ಚೀಟಿಯನ್ನು ಟಿಫನ್ ಕೂಪನ್ ಎಂದುಕೊಂಡರು!

ಭಾನುವಾರ ಬೆಳಗಾಗುವ ಮೊದಲೇ ಇಸ್ತ್ರಿ ಮಾಡಿದ ಪ್ಯಾಂಟು, ಬಿಳಿ ಷರಟು, ಕಾಲಿಗೆ ಬೆಲ್ಟಿನ ಚಪ್ಪಲಿ ಹಾಕಿಕೊಂಡು ಹಸಿದ ಹೊಟ್ಟೆಯಲ್ಲಿ ಮೈದಾನಕ್ಕೆ ಹೋದರು. ಅಲ್ಲಿ ನೋಡಿದರೆ ಸಾವಿರಾರು ಜನ ಚಡ್ಡಿ ಹಾಕಿಕೊಂಡು ನಿಂತಲ್ಲೇ ಕುಣಿಯುತ್ತಿದ್ದಾರೆ. ಭಾವ ಒಬ್ಬ ಸ್ವಯಂಸೇವಕಿಯನ್ನು ಹುಡುಕಿ ಹಿಡಿದರು.

"ತಿಂಡಿ ಎಲ್ಲಮ್ಮಾ?"

"ಫಿನಿಷ್ ಆದ್ಮೇಲೆ ಸಾರ್."

"ಏನು ಫಿನಿಷ್ ಆದ್ಮೇಲೆ?"

"ರನ್ನಿಂಗ್ ಸಾರ್. ಇಪ್ಪತ್ತೊಂದು ಕಿಲೋಮೀಟರ್."

ನೀವಾದರೆ ಏನು ಮಾಡುತ್ತಿದ್ದಿರಿ? ನಾನಾಗಿದ್ದರೆ ಹತ್ತಿರದ ಹೋಟೆಲಿಗೆ ನುಗ್ಗಿ ಎರಡು ಇಡ್ಲಿ ತಿಂದು ಮನೆ ಸೇರುತ್ತಿದ್ದೆ. ಭಾವ ಒಂದು ಕ್ಷಣ ಯೋಚಿಸಿದರಂತೆ. "ಅವರಾಗಿ ಕರೆದಿದಾರೆ. ತಿನ್ನದೆ ಹೋದ್ರೆ ಬೇಜಾರು ಮಾಡ್ಕೋತಾರೆ" ಎಂದುಕೊಂಡು ಚಪ್ಪಲಿಯ ಬೆಲ್ಟು ಬಿಗಿ ಮಾಡಿ ಹೊರಟೇಬಿಟ್ಟರು!

ಸ್ವಲ್ಪ ದೂರ ನಡೆದರು, ಸ್ವಲ್ಪ ದೂರ ಓಡಿದರು, ಸಿಕ್ಕ ಮರಗಳ ಕೆಳಗೆಲ್ಲ ನಿಂತರು. ಬಿಸಿಲು ಏರಿದ ಮೇಲೆ ಮೈದಾನ ತಲುಪಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಉಪ್ಪಿಟ್ಟಿನ ದಬರಿಯನ್ನು ನಲ್ಲಿಯ ಕೆಳಗೆ ಮಗುಚಿ ಹಾಕಿದ್ದರು. ಅದರ ಅಂಚಿನಲ್ಲಿ ಭಾವನ ಅಂಗಡಿಯ ಹೆಸರು ಕೊರೆದಿತ್ತು!

"ನನ್ನ ದಬರಿ ಕಣೋ! ನನ್ನ ದಬರೀಲೇ ನಂಗೆ ಉಪ್ಪಿಟ್ಟಿಲ್ಲ!" ಎಂದು ಆ ದಿನ ಸಂಜೆ ನನ್ನ ಹತ್ತಿರ ಅವರು ಗೋಳು ತೋಡಿಕೊಂಡರು. ಸಿಕ್ಕಿದ್ದು ಒಂದು ಬಾಳೆಹಣ್ಣು, ಒಂದು ಪದಕ. ಪದಕವನ್ನು ಅಂಗಡಿಯಲ್ಲಿ ಲೋಟ ಪರೀಕ್ಷಿಸುವ ಹಾಗೆ ಉಗುರಿನಿಂದ ಟಣ್ ಎನಿಸಿ, ಕಿವಿಯ ಹತ್ತಿರ ಹಿಡಿದು, "ನಾದವೇ ಇಲ್ಲ. ಬರೀ ಸತು" ಎಂದು ಪಕ್ಕಕ್ಕಿಟ್ಟರು. ಮಾರನೆಯ ದಿನವೇ ಮುಂದಿನ ಓಟಕ್ಕೆ ಹೆಸರು ಕೊಟ್ಟರು. ಈ ಸಲ ಉಪ್ಪಿಟ್ಟು ಮುಗಿಯುವುದರೊಳಗೆ ತಲುಪಬೇಕು. ಅಷ್ಟೇ ಗುರಿ!

ಅಭ್ಯಾಸ ಶುರುವಾಯಿತು. ದಿನಾ ಮುಂಜಾನೆ ಬಸವೇಶ್ವರನಗರದಿಂದ ಹೊರಟು ಶ್ರೀಗಂಧದ ಕಾವಲಿನ ಕಡೆಗೆ ಓಟ. ಭಾವನಿಗೆ ನಾಯಿಗಳಿಂದ ತೊಂದರೆಯಾಗಲಿಲ್ಲ. ಅವು ಇವರ ವೇಗ ನೋಡಿ ಅಟ್ಟಿಸಿಕೊಂಡು ಬರುವ ಉತ್ಸಾಹವನ್ನೇ ಕಳೆದುಕೊಂಡವು. ತೊಂದರೆಯಾದದ್ದು ಗಿರಾಕಿಗಳಿಂದ. ಪಾತ್ರೆ ಅಂಗಡಿಯವರನ್ನು ಯಾರು ತಾನೇ ಗುರುತಿಸುವುದಿಲ್ಲ? ಬೈಕು ನಿಲ್ಲಿಸಿ, "ಯಾಕಣ್ಣ ಓಡ್ತಾ ಇದೀರಾ? ಬಸ್ ಹೋಯ್ತಾ? ಬನ್ನಿ, ಕೂತ್ಕೊಳ್ಳಿ" ಅನ್ನುತ್ತಿದ್ದರು. ಗಿರಾಕಿಗೆ ಇಲ್ಲ ಅನ್ನುವುದು ಭಾವನಿಗೆ ಬಾರದ ವಿದ್ಯೆ. ಸುಮ್ಮನೆ ಹಿಂದೆ ಕೂರುತ್ತಿದ್ದರು. ಅವರು ಇಳಿಸಿದ ಕಡೆಯಿಂದ ಮತ್ತೆ ಓಟ. ಒಂದು ದಿನ ಹೀಗೆ ಒಬ್ಬರ ಗಾಡಿ ಹತ್ತಿ ರಾಜಾಜಿನಗರದ ಮದುವೆ ಛತ್ರದವರೆಗೂ ಹೋಗಿ, ಯಾರ ಮದುವೆ ಎಂದು ತಿಳಿಯದೆ ಊಟ ಮಾಡಿಕೊಂಡು ಬಂದದ್ದೂ ಉಂಟು!

ಎರಡನೆಯ ಓಟ ಕೆಂಗೇರಿಯಲ್ಲಿ. ಸಂಜೆ ಫೋನು ಮಾಡಿ, "ಹೇಗಾಯ್ತು ಭಾವ?" ಎಂದೆ.

"ಉಪ್ಪಿಟ್ಟು ಸಿಕ್ತು ಕಣೋ. ಚಟ್ನಿ ಮುಗಿದಿತ್ತು."

ಮೂರನೆಯದು ರಾಜರಾಜೇಶ್ವರಿನಗರದಲ್ಲಿ, ನಮ್ಮ ಮನೆಯ ಹತ್ತಿರವೇ. ನಾನೂ ಹೋಗಿದ್ದೆ. ಓಟ ಮುಗಿಸಿದ ಒಬ್ಬ ಯುವಕ ಕೈಗಡಿಯಾರ ಒತ್ತುತ್ತಾ ಬಂದು, "ಅಂಕಲ್, ನಿಮ್ಮ ಟೈಮಿಂಗ್ ಎಷ್ಟು?" ಎಂದು ಕೇಳಿದ.

"ಚಟ್ನಿ ಇತ್ತಪ್ಪಾ. ಕೇಸರಿಬಾತ್ ಖಾಲಿ" ಎಂದರು ಭಾವ, ಬಹಳ ಗಂಭೀರವಾಗಿ.

ಅವನು ಗಡಿಯಾರವನ್ನೊಮ್ಮೆ, ಇವರ ಮುಖವನ್ನೊಮ್ಮೆ ನೋಡಿದ. ಬರಬರುತ್ತಾ ಓಟದವರಿಗೆಲ್ಲ ಈ ಲೆಕ್ಕ ಅರ್ಥವಾಯಿತು. "ಏನ್ ಅಂಕಲ್, ಈ ಸಲ ಕೇಸರಿಬಾತ್ ಗ್ಯಾರಂಟಿನಾ?" ಎಂದು ದೂರದಿಂದಲೇ ಕೂಗುತ್ತಿದ್ದರು. ದೂರದಿಂದಲೇ ಯಾಕೆಂದರೆ, ಹತ್ತಿರ ಬಂದರೆ ಭಾವ ಮಾತಿಗೆ ಹಿಡಿಯುತ್ತಿದ್ದರು! ಏದುಸಿರು ಬಿಡುತ್ತಿರುವವರ ಪಕ್ಕ ಓಡುತ್ತಾ, ಯಾವೂರು, ಎಷ್ಟು ಮಕ್ಕಳು, ಮನೆಯಲ್ಲಿ ಕುಕ್ಕರ್ ಎಷ್ಟು ಲೀಟರಿಂದು ಎಂದೆಲ್ಲ ವಿಚಾರಿಸುವುದು ಅವರ ಅಭ್ಯಾಸ. ಇವರಿಂದ ತಪ್ಪಿಸಿಕೊಳ್ಳಲು ಹೋಗಿ ತಮ್ಮ ಜೀವಮಾನದ ಅತಿ ವೇಗದ ಓಟ ಓಡಿದವರೂ ಇದ್ದಾರೆ ಎಂದು ಕೇಳಿದ್ದೇನೆ.

ನನಗೋ ಕುತೂಹಲ. ಉಪ್ಪಿಟ್ಟಿಗಾಗಿ ಯಾರಾದರೂ ಇಷ್ಟು ಬೆವರು ಸುರಿಸುತ್ತಾರೆಯೇ? ಒಂದು ದಿನ ಕೇಳಿಯೇಬಿಟ್ಟೆ. "ಭಾವ, ಮನೇಲಿ ಅಕ್ಕ ಉಪ್ಪಿಟ್ಟು ಮಾಡಲ್ವಾ?"

"ಮಾಡ್ತಾಳೆ. ಚೆನ್ನಾಗೇ ಮಾಡ್ತಾಳೆ. ಆದ್ರೆ ಅದು ಕೂತು ತಿನ್ನೋ ಉಪ್ಪಿಟ್ಟು ಕಣಯ್ಯ" ಎಂದರು.

ಒಳಗಿನಿಂದ ಅಕ್ಕ, "ಹಾಗಾದ್ರೆ ನಾಳೆಯಿಂದ ನಿಂತ್ಕೊಂಡು ತಿನ್ನಿ" ಎಂದಳು.

ಅಕ್ಕನಿಗೆ ಈ ಓಟವೆಂದರೆ ತಾತ್ಸಾರವೆಂದೇ ನಾವೆಲ್ಲ ತಿಳಿದಿದ್ದೆವು. ಬೆವರಿನ ಬನಿಯನ್ ಒಗೆಯುವಾಗಲೆಲ್ಲ ಗೊಣಗುತ್ತಿದ್ದಳು. ಓಟ ನೋಡಲು ಒಮ್ಮೆಯೂ ಬಂದವಳಲ್ಲ.

ಹೋದ ಚಳಿಗಾಲದಲ್ಲಿ ಮಾಗಡಿ ರಸ್ತೆಯ ಕಡೆ ಒಂದು ಓಟವಿತ್ತು. ಭಾವ ತಿಂಗಳುಗಟ್ಟಲೆ ತಯಾರಾಗಿದ್ದರು. ಹಿಂದಿನ ದಿನ ಅಕ್ಕ ಫೋನು ಮಾಡಿ, "ನಾಳೆ ದೇವಸ್ಥಾನದಲ್ಲಿ ಪೂಜೆ ಇದೆ, ನಾನು ಬೇಗ ಹೋಗ್ಬೇಕು. ನಿಮ್ಮ ಭಾವನ್ನ ನೀನೇ ಕರ್ಕೊಂಡು ಹೋಗೋ" ಅಂದಳು. ಕರೆದುಕೊಂಡು ಹೋದೆ. ಭಾವ ಮೊಬೈಲನ್ನು ನನ್ನ ಕೈಗೆ ಕೊಟ್ಟು ಓಡಿದರು.

ನಾನು ಓಟ ಮುಗಿಯುವ ಗೆರೆಯ ಹತ್ತಿರ ಕಾಯುತ್ತಾ ನಿಂತೆ. ಬಿಸಿಬಿಸಿ ಕೇಸರಿಬಾತ್ ಬಂತು. ವೇಗದವರು ಬಂದರು, ಸಾಧಾರಣದವರು ಬಂದರು, ಯಾವಾಗಲೂ ಭಾವನ ಹಿಂದೆ ಬರುವವರೂ ಬಂದರು. ಭಾವ ಬರಲಿಲ್ಲ. ಒಬ್ಬನನ್ನು ತಡೆದು ಕೇಳಿದೆ.

"ಅಂಕಲ್ಲಾ? ಯೂ ಟರ್ನ್ ದಾಟಿ ಬರ್ತಾ ಇದ್ರಲ್ಲ ಸಾರ್! ಸಖತ್ತಾಗಿ ಓಡ್ತಾ ಇದ್ರು. ಇನ್ನೂ ಬಂದಿಲ್ವಾ?"

ಅದೇ ಹೊತ್ತಿಗೆ ಆಂಬ್ಯುಲೆನ್ಸೊಂದು ಕೂಗುತ್ತಾ ಹೋಯಿತು. ಐವತ್ತು ದಾಟಿದ ಜೀವ, ಇಷ್ಟು ಬಿಸಿಲು. ಅಕ್ಕನಿಗೆ ಏನೆಂದು ಹೇಳಲಿ? ಸ್ಕೂಟರ್ ಹತ್ತಿ ಬ್ಯಾಡರಹಳ್ಳಿಯ ಕಡೆ ಹೊರಟೆ. ರಸ್ತೆಬದಿಯ ಒಂದೊಂದು ನೆರಳನ್ನೂ ನೋಡುತ್ತಾ ಹೋದೆ.

ಬ್ಯಾಡರಹಳ್ಳಿ ದಾಟಿದ ಮೇಲೆ ದೂರದಲ್ಲಿ ಭಾವನ ಹಸಿರು ಬನಿಯನ್ ಕಂಡಿತು. ಜೀವ ಬಂದಂತಾಯಿತು. ಅವರು ನಿಧಾನವಾಗಿ ನಡೆದು ಬರುತ್ತಿದ್ದರು. ಪಕ್ಕದಲ್ಲಿ ಒಬ್ಬ ಹೆಂಗಸು: ಚೂಡಿದಾರ, ಬಿಳಿ ಶೂ, ಎದೆಯ ಮೇಲೆ ಪಿನ್ನು ಚುಚ್ಚಿದ ನಂಬರ್ ಚೀಟಿ. ಆಕೆ ಏನೋ ಹೇಳುತ್ತಿದ್ದಳು. ಭಾವ, ನಮ್ಮ ಮಾತಿನ ಮಲ್ಲ ಭಾವ, ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ನಮ್ಮಕ್ಕ!

"ಅಕ್ಕಾ! ನೀನೇನೇ ಇಲ್ಲಿ?"

"ಕಾಣಲ್ವಾ? ಓಡ್ತಾ ಇದೀನಿ" ಎಂದಳು, ಕುಂಟುತ್ತಾ.

"ನೋಡೋ, ಯೂ ಟರ್ನ್ ತಗೊಂಡು ವಾಪಸ್ ಬರ್ತಾ ಇದೀನಿ," ಎಂದರು ಭಾವ, "ಡಿವೈಡರ್ ಆ ಕಡೆಯಿಂದ ಇವಳು ಬರ್ತಾ ಇದಾಳೆ! ಬಿಸಿಲು ನೆತ್ತಿಗೆ ಹತ್ತಿರಬೇಕು ಅಂದ್ಕೊಂಡೆ. ಕಣ್ಣು ಉಜ್ಕೊಂಡು ನೋಡಿದ್ರೂ ಇವಳೇ!"

ಆಮೇಲೆ ಮಾಡಿದ್ದೇನು? ಡಿವೈಡರ್ ಹಾರಿ, ಬಂದ ದಾರಿಯಲ್ಲೇ ಅಕ್ಕನ ಜೊತೆ ಮತ್ತೆ ಯೂ ಟರ್ನಿನವರೆಗೆ ಹೋಗಿ, ಈಗ ಎರಡನೆಯ ಸಲ ತಿರುಗಿ ಬರುತ್ತಿದ್ದರು. ಅಕ್ಕ ಮಗಳಿಗೊಬ್ಬಳಿಗೆ ಬಿಟ್ಟು ಯಾರಿಗೂ ಹೇಳದೆ, ಭಾವ ಅಂಗಡಿಗೆ ಹೋದ ಮೇಲೆ ದಿನಾ ಪಾರ್ಕಿನಲ್ಲಿ ಸುತ್ತು ಹಾಕಿದ್ದಳಂತೆ. ಮಗಳು ಹೆಸರು ನೋಂದಾಯಿಸಿ ಕೊಟ್ಟಿದ್ದಳಂತೆ.

"ಕಾಲು ನೋಯ್ತಾ ಇದೆಯಲ್ಲ, ಬಾ, ಗಾಡಿ ಹತ್ತು" ಎಂದೆ.

ಅಕ್ಕ ನನ್ನನ್ನು ಚಿಕ್ಕಂದಿನಲ್ಲಿ ಕಿವಿ ಹಿಂಡುವಾಗ ನೋಡುತ್ತಿದ್ದ ಹಾಗೆ ನೋಡಿದಳು. "ನಂಬರ್ ಹಾಕ್ಕೊಂಡು ಗಾಡಿ ಹತ್ತಲೇನೋ?"

ಭಾವ ನನಗೆ ಕಣ್ಣಲ್ಲೇ ಹೋಗು ಎಂದರು.

ಅವರು ಬಂದು ಮುಟ್ಟಿದಾಗ ಗೆರೆಯ ಮೇಲೆ ನಿಲ್ಲಿಸಿದ್ದ ಬಲೂನಿನಂಥ ಕಮಾನಿನ ಗಾಳಿ ತೆಗೆಯುತ್ತಿದ್ದರು. ಅದು ಅರ್ಧ ಬಾಗಿತ್ತು. ಇಬ್ಬರೂ ತಲೆ ತಗ್ಗಿಸಿ ಅದರ ಕೆಳಗೆ ನುಸುಳಿ ಬಂದರು. ಉಳಿದಿದ್ದ ನಾಲ್ಕು ಜನ ಚಪ್ಪಾಳೆ ತಟ್ಟಿದರು. ಭಾವ ಶಾಮಿಯಾನದ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕನನ್ನು ಕಟ್ಟೆಯ ಮೇಲೆ ಕೂರಿಸಿ, ಹತ್ತಿ, ಮುಲಾಮು ಕೇಳಿಕೊಂಡು ಬರಲು ಓಡಿದರು. ಅಷ್ಟು ವೇಗವಾಗಿ ಅವರು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು!

"ಯಾಕಕ್ಕ ಇದೆಲ್ಲ?" ಎಂದೆ. "ಹೇಳಿದ್ರೆ ನಾನೇ ಕರ್ಕೊಂಡು ಬರ್ತಿದ್ನಲ್ಲ."

ಅಕ್ಕ ಶೂ ಬಿಚ್ಚಲು ಬಗ್ಗಿದವಳು ತಲೆ ಎತ್ತಿದಳು. "ಮದುವೆ ಆದಾಗಿಂದ ನಿಮ್ಮ ಭಾವ ಎಲ್ಲಿಗೆ ಹೋದ್ರೂ ಮುಂದೆ ಮುಂದೆ, ನಾನು ಹಿಂದೆ ಹಿಂದೆ ಕಣೋ. ಮಾರ್ಕೆಟ್ಟಿಗೆ ಹೋಗ್ಲಿ, ಆಸ್ಪತ್ರೆಗೆ ಹೋಗ್ಲಿ, ಇವರ ಬೆನ್ನು ನೋಡ್ಕೊಂಡೇ ನಡೆದಿದೀನಿ. ಈ ಓಟದಲ್ಲಿ ಮುಂದೆ ಹೋದೋರು ತಿರುಗಿ ಬರೋವಾಗ ಹಿಂದಿರೋರಿಗೆ ಎದುರಿಗೆ ಸಿಗ್ತಾರೆ ಅಂತ ಮಗಳು ಹೇಳಿದ್ಲು. ಒಂದ್ಸಲ ಎದುರಿಂದ ಇವರ ಮುಖ ನೋಡ್ಬೇಕು ಅನ್ನಿಸ್ತು. ಅಷ್ಟೇ."

ನನಗೆ ಕುತೂಹಲ ತಡೆಯಲಾಗಲಿಲ್ಲ. "ಹೇಗಿತ್ತು?" ಎಂದು ಕೇಳಿದೆ.

ಅಕ್ಕ ದೂರದಲ್ಲಿ ಬರುತ್ತಿದ್ದ ಭಾವನನ್ನೇ ನೋಡುತ್ತಿದ್ದಳು. "ನನ್ನ ನೋಡಕ್ಕೆ ಮೊದಲ ಸಲ ನಮ್ಮನೆಗೆ ಬಂದಿದ್ರಲ್ಲ," ಎಂದಳು ಮೆಲ್ಲಗೆ, "ಹಾಗೇ ಇತ್ತು ಕಣೋ."

ಭಾವ ಬಂದರು. ಏದುಸಿರು ಬಿಡುತ್ತಾ, "ಏನು ಹೇಳ್ತಾ ಇದಾಳೆ ನಿಮ್ಮಕ್ಕ?" ಎಂದರು. ಉತ್ತರಕ್ಕೆ ಕಾಯದೆ ಮಣ್ಣಿನಲ್ಲೇ ಕುಳಿತು ಅಕ್ಕನ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು.

"ಅಯ್ಯೋ, ಏಳ್ರೀ, ಎಲ್ಲ ನೋಡ್ತಾ ಇದಾರೆ."

"ನೋಡ್ಲಿ ಬಿಡೇ" ಎಂದರು ಭಾವ, ಶೂವಿನ ಗಂಟು ಬಿಚ್ಚುತ್ತಾ.