ಗುಬ್ಬಿ ಸೇರಿದ ನಮ್ಮವ್ವನ ಬೀಸುವ ಕಲ್ಲು

ನನ್ನ ತಮ್ಮನಿಗೆ ತಲೆ ನೆಟ್ಟಗಿದೆ ಎಂದು ಗುಬ್ಬಿಯಲ್ಲಿ ಯಾರಾದರೂ ಹೇಳಿದರೆ, ಮೊದಲು ಅವರನ್ನೇ ಡಾಕ್ಟರಿಗೆ ತೋರಿಸಬೇಕು! ಒಡಹುಟ್ಟಿದವನಲ್ಲ, ಚಿಕ್ಕಮ್ಮನ ಮಗ. ನಾಲ್ಕು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವನು. ಬಸ್ ಕಂಡಕ್ಟರ್ ಕೆಲಸದಿಂದ ರಿಟೈರ್ ಆದವರು ತೀರ್ಥಯಾತ್ರೆ ಮಾಡುತ್ತಾರಪ್ಪ. ಇವನು ತನ್ನ ನಡುಮನೆ ಖಾಲಿ ಮಾಡಿ, ಊರವರ ಅಟ್ಟದ ಸಾಮಾನೆಲ್ಲ ತಂದು ತುಂಬಿ, ಮ್ಯೂಸಿಯಂ ಎಂದು ಬೋರ್ಡ್ ಹಾಕಿದ. ಹೆಂಡತಿಯ ಟಿವಿ ಅಡುಗೆಮನೆಗೆ ಹೋಯಿತು. ಅವಳ ಬಾಯಿ ಮಾತ್ರ ನಡುಮನೆಯಲ್ಲೇ ಉಳಿಯಿತು!

ನಾನು ಕಣ್ಣಿನ ಆಪರೇಷನ್‌ಗೆಂದು ತುಮಕೂರಿನ ಮಗಳ ಮನೆಯಲ್ಲಿದ್ದಾಗ ಈ ಮಹಾರಾಯ ಚೇಳೂರಿನ ನಮ್ಮ ಮನೆಗೆ ಬಂದು, ಸೊಸೆಯನ್ನು ಪುಸಲಾಯಿಸಿ, ನಮ್ಮವ್ವನ ರಾಗಿ ಬೀಸುವ ಕಲ್ಲನ್ನು ಗೂಡ್ಸ್ ಆಟೋದಲ್ಲಿ ಸಾಗಿಸಿಬಿಟ್ಟಿದ್ದ. ಅವ್ವನದು ಎಂದು ನನ್ನ ಹತ್ತಿರ ಉಳಿದಿದ್ದು ಅದೊಂದೇ. ಬಿಡುತ್ತೇನೆಯೇ? ವಾಪಸ್ ತರಲೆಂದೇ ಬಸ್ಸು ಹತ್ತಿದೆ.

ಗುಬ್ಬಿಯ ಮನೆ ಬಾಗಿಲಲ್ಲೇ ತಮ್ಮ ಟಿಕೆಟ್ ಹರಿದು ಕೊಟ್ಟ. ದುಡ್ಡಿಲ್ಲ, ಬರೀ ಟಿಕೆಟ್!

"ಬಾಗ್ಲಲ್ಲಿ ನಿಲ್ಬ್ಯಾಡ ಕಣಕ್ಕ, ಒಳಿಕ್ಕೆ ಹೋಗು, ಮುಂದುಕ್ಕೆ ಹೋಗು" ಎಂದು ಸೀಟಿ ಊದಿದ. ಒಳಗೆ ನರಪಿಳ್ಳೆಯೂ ಇರಲಿಲ್ಲ!

ಗೋಡೆಯ ಮೇಲೆ ಮುದ್ದೆ ತಿರುವುವ ಕೋಲು. ಕೆಳಗೆ ಚೀಟಿ: "ಹಳೇ ಕಾಲದ ಆಯುಧ."

"ಏನ್ಲಾ ಇದು? ಮುದ್ದೆ ಕೋಲು ಕಣೋ!"

"ಗೊತ್ತು ಕಣಕ್ಕ. ದೊಡ್ಡವ್ವ ನಂಗೆ ಬಡೀತಿದ್ದಿದ್ದು ಅಂಥದ್ರಲ್ಲೇ."

ಕಲ್ಲು ಮೂಲೆಯಲ್ಲಿ, ಕಂಬಳಿಯ ಮೇಲೆ ಕೂತಿತ್ತು. ಗೂಟಕ್ಕೆ ಕೈ ಹಾಕಿದೆ.

"ಮುಟ್ಬ್ಯಾಡ!"

"ನಮ್ಮವ್ವನ ಕಲ್ಲು ಮುಟ್ಟಕ್ಕೆ ನಿನ್ನ ಅಪ್ಪಣೆ ಬೇಕೇನ್ಲಾ? ಆಟೋ ಕರಿ, ತಗೊಂಡೋಯ್ತೀನಿ."

"ತಗೊಂಡೋಗು. ಚೀಟಿ ಓದ್ಬುಟ್ಟು ತಗೊಂಡೋಗು."

ನನ್ನ ಓದು ಮೂರನೇ ಕ್ಲಾಸಿಗೇ ಮುಗಿದಿದ್ದು. ಅಕ್ಷರ ಕೂಡಿಸಿಕೊಂಡು ಓದಿದೆ. "ಈ ಕಲ್ಲಿನ ಹಿಟ್ಟು ತಿಂದು ಬದುಕಿದವರು" ಎಂದಿತ್ತು. ಕೆಳಗೆ ಪಟ್ಟಿ. ಮೊದಲು ನಾನು, ಆಮೇಲೆ ನನ್ನ ಅಣ್ಣಂದಿರು, ಪಕ್ಕದ ಮನೆಯ ಬಾಣಂತಿ, ಅವಳ ಮಕ್ಕಳು, ಜ್ವರ ಬಂದು ವಾರವೆಲ್ಲ ನಮ್ಮ ಜಗಲಿಯಲ್ಲಿ ಮಲಗಿದ್ದ ಬಳೆಗಾರ. ಆ ಬಳೆಗಾರ ನನಗೆ ಮರೆತೇ ಹೋಗಿದ್ದ! ಕಟ್ಟಕಡೆಗೆ ತಮ್ಮ ತನ್ನ ಹೆಸರು ಬರೆದುಕೊಂಡಿದ್ದ.

ಮನಸ್ಸು ಕರಗಿದ್ದನ್ನು ತೋರಿಸಿಕೊಳ್ಳಬಾರದೆಂದು ತಪ್ಪು ಹುಡುಕಿದೆ.

"ಅವ್ವನ ಹೆಸ್ರೇ ಬುಟ್ಬುಟ್ಟಿದೀಯಲ್ಲೋ, ದಡ್ಡ! ಬೀಸಿದೋಳೇ ಅವಳು."

ಅವನು ಹೆಗಲ ಮೇಲಿನ ಟವೆಲಿನಿಂದ ಕಲ್ಲಿನ ಧೂಳು ಒರೆಸುತ್ತ ಅಂದ: "ಇದು ತಿಂದೋರ ಪಟ್ಟಿ ಕಣಕ್ಕ. ದೊಡ್ಡವ್ವ ಕೂತ್ಕೊಂಡು ಹೊಟ್ಟೆತುಂಬ ಉಂಡಿದ್ದನ್ನ ನೀನು ಯಾವತ್ತಾದ್ರೂ ನೋಡಿದ್ಯಾ?"

ನೋಡಿರಲಿಲ್ಲ. ಹೆತ್ತ ಮಗಳು ನಾನು, ಗಮನಿಸಿದ್ದವನು ಅವನು. ಕಲ್ಲನ್ನು ಅವನ ಹತ್ತಿರವೇ ಬಿಟ್ಟು ಬಂದೆ.