ಫ್ಯಾನಿನ ಬಾಯಲ್ಲಿ ತಂಪಾಗಿ ಕುಳಿತ ಉಷ್ಣ ಸೆನ್ಸರ್ ಮಹಾಶಯರಿಗೆ

ಮಾನ್ಯರೇ,

ಅಕ್ಕಿಕಾಳಿಗಿಂತ ಚಿಕ್ಕವರಾಗಿದ್ದೂ ನಮ್ಮ ಇಡೀ ಕಾರ್ಖಾನೆಯನ್ನು ಕುಣಿಸಿಬಿಟ್ಟ ತಮ್ಮ ಪ್ರತಿಭೆಗೆ ಮೊದಲು ನನ್ನ ಸಾಷ್ಟಾಂಗ ನಮಸ್ಕಾರಗಳು.

ಚಾಲಕನಿಲ್ಲದ ನಮ್ಮ ಕಾರು ದಾರಿ ನೋಡುವುದು ಲೇಸರ್ ಕಣ್ಣಿನಿಂದ, ಬಿಸಿಯೇರಿದರೆ ಆ ಕಣ್ಣು ಮಂಕಾಗುತ್ತದೆ, ಆಗ ತಾವು ಒಂದು ಮಾತು ತಿಳಿಸಿದರೆ ಕಾರು ತಾನಾಗಿ ನಿಲ್ಲುತ್ತದೆ. ತಮ್ಮ ಕೆಲಸ ಇಷ್ಟೇ. ಇದಕ್ಕೆಂದು ನಾನು ಲೇಸರಿನ ಬೆನ್ನಿಗೇ ಅಂಟಿ ಕೂರುವ ದಪ್ಪನೆಯ, ಒರಟು ಸೆನ್ಸರೊಂದನ್ನು ಸೂಚಿಸಿದ್ದೆ. ಮ್ಯಾನೇಜರ್ ಸಾಹೇಬರಾದರೋ ಕ್ಯಾಟಲಾಗಿನಲ್ಲಿ ತಮ್ಮ ಚಿತ್ರ ನೋಡಿ ಮರುಳಾಗಿ, ತಮ್ಮನ್ನೇ ತರಿಸಿ, ತಂತಿ ಎಳೆಯಲು ಸುಲಭವೆಂದು ಲೇಸರಿನಿಂದ ದೂರ, ಕಾರಿನ ತಂಪುಗಾಳಿಯ ಫ್ಯಾನಿನ ಬಾಯಿಗೇ ಅಂಟಿಸಿದರು.

ಸೋಮವಾರದ ಉರಿಬಿಸಿಲಿನ ಪರೀಕ್ಷೆಯಲ್ಲಿ ಲೇಸರ್ ಪೆಟ್ಟಿಗೆ ಕಾದ ಕಾವಲಿಯಾಗಿದ್ದರೂ ತಾವು ತಂಗಾಳಿ ಸೇವಿಸುತ್ತಾ, ಇಪ್ಪತ್ತನಾಲ್ಕು ಡಿಗ್ರಿ, ಎಲ್ಲಾ ಕ್ಷೇಮ ಎಂದು ವರದಿ ಕಳಿಸುತ್ತಲೇ ಇದ್ದಿರಿ. ಅಬ್ಬಬ್ಬಾ, ಎಂಥ ಸಮಾಧಾನ! ನಾವೆಲ್ಲ ಪ್ರೀತಿಯಿಂದ ಭಾವ ಎಂದು ಕರೆಯುವ ರಟ್ಟಿನ ಮನುಷ್ಯ, ಸಾಹೇಬರ ಹಳೆಯ ಕೋಟು ತೊಟ್ಟು ಕಾರಿನೆದುರು ನಿಂತಿದ್ದವನು, ನಿಲ್ಲದ ಕಾರು ಗುದ್ದಿದ ರಭಸಕ್ಕೆ ಗಾಳಿಯಲ್ಲಿ ಪಲ್ಟಿ ಹೊಡೆದು ಕ್ಯಾಂಟೀನಿನ ಚಾವಣಿ ಸೇರಿದ. ಸಾಹೇಬರು ತಕ್ಷಣ ನನ್ನತ್ತ ಬೆರಳು ತೋರಿಸಿ, ಇದು ಇವರ ಆಯ್ಕೆ ಎಂದುಬಿಟ್ಟರು.

ನಮ್ಮಲ್ಲೊಂದು ಪದ್ಧತಿಯಿದೆ, ಮಹಾಶಯರೇ: ಕೊನೆಯ ಪರೀಕ್ಷೆಯ ದಿನ ಸೆನ್ಸರ್ ಆರಿಸಿದವರೇ ಕಾರಿನೆದುರು ನಿಲ್ಲಬೇಕು. ಅಂದರೆ ನಾಳೆ ಭಾವನ ಜಾಗದಲ್ಲಿ ನಾನು. ಹೆದರಿ ನನ್ನ ಕೈಕಾಲು ತಣ್ಣಗಾಗಿವೆ, ಬಹುಶಃ ಅದೊಂದನ್ನು ತಾವು ಸರಿಯಾಗಿ ಅಳೆಯಬಲ್ಲಿರಿ. ನನ್ನ ಹೆಂಡತಿಯಂತೂ ಹೊಸ ಅಂಗಿ ಹಾಕಿಕೊಂಡು ಹೋಗಬೇಡಿ ಎಂದು ಈಗಲೇ ತಾಕೀತು ಮಾಡಿದ್ದಾಳೆ.

ಆದುದರಿಂದ ತಾವು ದಯಮಾಡಿ ಫ್ಯಾನಿನ ಸಹವಾಸ ಬಿಟ್ಟು, ತಾವಾಗಿಯೇ ನಡೆದುಹೋಗಿ, ಲೇಸರಿನ ಬೆನ್ನೇರಿ ಕುಳಿತು, ಬಿಸಿ ತಗುಲಿದೊಡನೆ ಅಯ್ಯಯ್ಯೋ ಎಂದು ಊರಿಗೆಲ್ಲ ಕೇಳುವಂತೆ ಕಿರುಚಬೇಕಾಗಿ ವಿನಂತಿ. ಅದಾಗದಿದ್ದರೆ ಕೊನೆಪಕ್ಷ ಒಮ್ಮೆ ಬೆವರಿದರೂ ಸಾಕು.

ತಮ್ಮ ವಿಶ್ವಾಸಿ,
ನಾಳೆಯ ಭಾವ
(ಪರೀಕ್ಷಾ ವಿಭಾಗದ ಎಂಜಿನಿಯರ್)

ತಾ.ಕ.: ತಾವು ಕದಲಲಿಲ್ಲವಾದ್ದರಿಂದ ಇಂದು ಮಧ್ಯಾಹ್ನ ನಾನೇ ತಮ್ಮನ್ನು ಕಿತ್ತು ಬುಟ್ಟಿಗೆ ಹಾಕಿ, ನನ್ನ ದಪ್ಪ ಸೆನ್ಸರನ್ನು ಲೇಸರಿನ ಬೆನ್ನಿಗೆ ಅಂಟಿಸಿದೆ. ಮತ್ತೆ ಪರೀಕ್ಷಿಸಿದಾಗ, ಮೈತುಂಬ ಟೇಪು ಸುತ್ತಿಸಿಕೊಂಡ ಭಾವನಿಂದ ಮಾರು ದೂರದಲ್ಲಿ ಕಾರು ಗಪ್ಪನೆ ನಿಂತಿತು! ಕೂಡಲೇ ಸಾಹೇಬರು ಎದೆ ಉಬ್ಬಿಸಿ, ಇದು ನನ್ನದೇ ಆಯ್ಕೆ ಎಂದು ಮಾಲೀಕರೆದುರು ಸಾರಿದರು. ಸಂತೋಷ, ಪದ್ಧತಿಯ ಪ್ರಕಾರ ನಾಳೆ ಅವರೇ ನಿಲ್ಲಲಿ, ಕೋಟಂತೂ ಅವರದೇ. ತಮ್ಮನ್ನು ಬುಟ್ಟಿಯಿಂದ ಎತ್ತಿ, ಒರೆಸಿ, ಜೇಬಿನಲ್ಲಿಟ್ಟುಕೊಂಡಿದ್ದೇನೆ. ಫ್ಯಾನಿನ ಬಾಯಿ ಇನ್ನೂ ಖಾಲಿಯೇ ಇದೆ. ನಾಳೆ ಬೆಳಿಗ್ಗೆ ತಮಗೆ ಬಿಡುವಿದೆಯೇ?