ಬೋರ್ಡಿನ ಕೊನೆಯ ಸಾಲು

ಎಲ್ಲ ಶುರುವಾದದ್ದು ಬೋರ್ಡಿನಲ್ಲಿ ಒಂದು ಸಾಲು ಖಾಲಿ ಉಳಿದದ್ದರಿಂದ.

ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಎತ್ತಿ ತರುವ ರಕ್ಷಣಾ ದೋಣಿ ಕೇಂದ್ರಕ್ಕೆ ನೂರು ವರ್ಷ ತುಂಬುತ್ತಿತ್ತು. ದೋಣಿ ನಿಲ್ಲಿಸುವ ಶೆಡ್ಡಿಗೆ ಹೊಸ ಮರದ ಬೋರ್ಡು ಬಂದಿತ್ತು. ಅದರ ಮೇಲೆ ಕೇಂದ್ರದ ಇಡೀ ಇತಿಹಾಸ: ತಾರೀಖು, ಚುಕ್ಕಾಣಿ ಹಿಡಿದವನ ಹೆಸರು, ಉಳಿದ ಜೀವಗಳ ಸಂಖ್ಯೆ. ಉಳಿದವರ ಹೆಸರು ಬರೆಯುವ ಪದ್ಧತಿ ಇರಲಿಲ್ಲ. ಬದುಕಿ ಹೋದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ, ಬರೆದು ಯಾರಿಗೆ ತೋರಿಸುವುದು ಎಂಬುದು ಹಿಂದಿನವರ ವಾದ.

ಹಳೆಯ ದಾಖಲೆಗಳನ್ನು ಕೆದಕಿ ಈ ಇತಿಹಾಸ ಬರೆದವನು ಟ್ರ್ಯಾಕ್ಟರಣ್ಣ. ದೋಣಿಯನ್ನು ಅದರ ಗಾಡಿಯ ಸಮೇತ ಟ್ರ್ಯಾಕ್ಟರಿನಲ್ಲಿ ನೀರಿಗಿಳಿಸುವುದು, ಮರಳಿ ಬಂದಾಗ ಮೇಲೆಳೆಯುವುದು ಇಪ್ಪತ್ತೇಳು ವರ್ಷದಿಂದ ಅವನ ಕೆಲಸ. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಹೆಂಡತಿಯ ಪಾಲಿಗೆ ಅವನು ಬರೀ ‘ರೀ’.

ದಾಖಲೆ ಓದುವಾಗ ಒಂದು ಸಂಗತಿ ಅವನ ಹೊಟ್ಟೆ ಉರಿಸಿತ್ತು. ಟ್ರ್ಯಾಕ್ಟರ್ ಬರುವ ಮೊದಲು ದೋಣಿ ಎಳೆಯುತ್ತಿದ್ದ ಆರು ಕುದುರೆಗಳ ಹೆಸರು, ವಯಸ್ಸು, ಬಣ್ಣ ಎಲ್ಲವನ್ನೂ ಬರೆದಿಟ್ಟಿದ್ದರು. ಆಮೇಲಿನ ಪುಟಗಳಲ್ಲಿ ಟ್ರ್ಯಾಕ್ಟರಿನ ಎಂಜಿನ್ ನಂಬರ್ ಇತ್ತು. ಓಡಿಸಿದವರ ಹೆಸರು ಹುಡುಕಿದರೂ ಸಿಗಲಿಲ್ಲ. ಹಾಗಾಗಿ ಅವನು ಆರು ತಿಂಗಳು ಕೇಂದ್ರದ ಅಧ್ಯಕ್ಷರ ಬೆನ್ನು ಹತ್ತಿ ಕೊನೆಯ ಸಾಲನ್ನು ಒಪ್ಪಿಸಿಕೊಂಡಿದ್ದ: ‘ದಡದ ಸೇವೆ, ಇಪ್ಪತ್ತೇಳು ವರ್ಷ’, ಮುಂದೆ ತನ್ನ ಹೆಸರು. ಅಕ್ಷರ ತಪ್ಪಬಾರದೆಂದು ಚೀಟಿಯಲ್ಲಿ ದುಂಡಗೆ ಬರೆದು ಜೇಬಿನಲ್ಲಿಟ್ಟುಕೊಂಡಿದ್ದ.

“ನಾಳೆಯಿಂದ ಜನ ಹೆಸರು ಹಿಡಿದು ಕರೀತಾರಾ?” ಎಂದು ಹೆಂಡತಿ ಕೇಳಿದ್ದಳು.

ಪೇಂಟರ್ ಬೆಳಿಗ್ಗೆಯೇ ಬಂದು ಬರೆಯಲು ಕೂತಿದ್ದ. ಐದರ ಬಸ್ಸಿಗೆ ಹೊರಡುವವನು. ಹನ್ನೊಂದು ಗಂಟೆಗೆ ಪಕ್ಕದ ಮನೆಯ ಅಜ್ಜಿ ಕೋಲೂರಿಕೊಂಡು ಬಂದಳು. ಕೇಂದ್ರದ ಮೊಟ್ಟಮೊದಲ ಚುಕ್ಕಾಣಿಯವನ ಸೊಸೆ ಆಕೆ.

“ನೂರಂತೆ ನೂರು. ತೊಂಬತ್ತೊಂಬತ್ತು ಕಣಪ್ಪಾ,” ಎಂದಳು. “ನಮ್ಮ ಮಾವ ಮೊದಲನೇ ಸಲ ದೋಣಿ ಇಳಿಸಿದ ದಿನವೇ ದೊಡ್ಡ ಬಂಡೆ ಮೇಲೆ ಇಸವಿ ಕೆತ್ತಿಟ್ಟಿದ್ದಾರೆ. ಹೋಗಿ ನೋಡು.”

ಅಧ್ಯಕ್ಷರ ಮುಖ ಇಳಿಯಿತು. ಆಮಂತ್ರಣ ಹಂಚಿಯಾಗಿತ್ತು. ದಾಖಲೆಯ ಮೊದಲ ಪುಟಗಳನ್ನು ಗೆದ್ದಲು ತಿಂದಿದ್ದರಿಂದ ಅಜ್ಜಿಯ ಬಾಯಿ ಮುಚ್ಚಿಸಲು ಸಾಕ್ಷಿಯೂ ಇರಲಿಲ್ಲ. ಟ್ರ್ಯಾಕ್ಟರಣ್ಣನೇ ಬಂಡೆಗೆ ಹೋಗಿ ಬರಲಿ, ಇಸವಿ ಇತ್ಯರ್ಥವಾಗದೆ ಕೊನೆಯ ಸಾಲು ಬರೆಸುವುದು ಬೇಡ ಎಂದು ತೀರ್ಮಾನ ಕೊಟ್ಟರು.

ಬಂಡೆಯ ತನಕ ಮರಳಿನ ದಾರಿ ಏಳುವುದು ನೀರು ಪೂರ್ತಿ ಇಳಿದಾಗ ಮಾತ್ರ. ಟ್ರ್ಯಾಕ್ಟರಣ್ಣ ಗೋಡೆಯ ಮೇಲಿನ ಉಬ್ಬರ ಇಳಿತದ ಪಟ್ಟಿ ನೋಡಿದ. ಒಂದೂಕಾಲಿಗೆ ನೀರು ಪೂರ್ತಿ ಇಳಿಯುತ್ತದೆ ಎಂದಿತ್ತು. ಹನ್ನೆರಡೂವರೆಗೆ ಹೊರಟ. ನಿಜವಾಗಿ, ಆ ತಿಂಗಳ ಪಟ್ಟಿಯ ಮೇಲೆ ಅವನೇ ತನ್ನ ಇತಿಹಾಸದ ಕರಡು ಹಾಳೆಗಳನ್ನು ಅಂಟಿಸಿದ್ದ. ಹೊರಗೆ ಕಾಣುತ್ತಿದ್ದದ್ದು ಮುಂದಿನ ತಿಂಗಳದು. ಇಪ್ಪತ್ತೇಳು ವರ್ಷ ಅಲೆಯ ಸದ್ದಿನಿಂದಲೇ ನೀರಿನ ಮಟ್ಟ ಹೇಳುತ್ತಿದ್ದವನಿಗೆ ಅಂದು ಮರಳಿನ ದಾರಿ ಇನ್ನೂ ಮುಳುಗಿರದಿದ್ದರೂ ನೀರು ಏರುತ್ತಿರುವುದು ಕಣ್ಣಿಗೂ ಕಂಡಿತು. ಆದರೆ ಅವನೀಗ ಇತಿಹಾಸಕಾರ. ಕಾಗದದಲ್ಲಿ ಇಲ್ಲದ್ದನ್ನು ನಂಬುವ ಹಾಗಿರಲಿಲ್ಲ.

ಬಂಡೆಯ ಮೇಲೆ ಚಿಪ್ಪುಗಳು ಹಳೆಯ ಬಾಕಿಯ ಹಾಗೆ ಕಚ್ಚಿ ಕೂತಿದ್ದವು. ಒಂದು ಗಂಟೆ ಚಾಕುವಿನಲ್ಲಿ ಕೆರೆದ. ಮೊದಲು ಒಂದು ‘ಸಿ’ ಕಂಡಿತು. ಇಸವಿಯಲ್ಲಿ ‘ಸಿ’ ಎಲ್ಲಿಂದ ಬಂತೆಂದು ಮತ್ತಷ್ಟು ಕೆರೆದ. ಅಲ್ಲಿದ್ದದ್ದು ಇಷ್ಟೇ: ‘ಸಿಡಿಲು. ನಂಬಿಕೆಯ ಕುದುರೆ.’

ಕುದುರೆಗೆ ಕಲ್ಲಿನಲ್ಲೂ ಹೆಸರು. ಬಾಯಲ್ಲಿ ಬರಬಾರದ ಮಾತು ಬಂತು. ಅಷ್ಟರಲ್ಲಿ ದಡದಲ್ಲಿ ಸೈರನ್ ಕೂಗಿತು. ಯಾರೋ ಸಮುದ್ರದಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ಅವನು ಅಭ್ಯಾಸಬಲದಿಂದ ಟ್ರ್ಯಾಕ್ಟರಿನ ಕಡೆ ಓಡಿದ. ಮೂರನೆಯ ಹೆಜ್ಜೆಗೆ ಎದೆಮಟ್ಟ ನೀರು. ಸೈರನ್ ಯಾರಿಗಾಗಿ ಎಂಬುದು ಆಗ ಹೊಳೆಯಿತು. ಉಸಿರುಕಟ್ಟಿ ಮತ್ತೆ ಬಂಡೆ ಹತ್ತಿದ.

ಜೀವಭಯದ ನಡುವೆಯೂ ಅವನಿಗೊಂದು ಸಂತೋಷವಾಯಿತು. ದೋಣಿ ಇಳಿಸಬೇಕಾದವನು ಬಂಡೆಯ ಮೇಲಿದ್ದಾನೆ. ಒದ್ದಾಡಲಿ, ಈಗಲಾದರೂ ಬೆಲೆ ಗೊತ್ತಾಗಲಿ. ಗಾಡಿಯನ್ನು ಅಲೆಗೆ ಅಡ್ಡವಾಗದಂತೆ ಹಿಂದಕ್ಕೆ ಬಿಡುವುದು ಆಟವಲ್ಲ; ಅವನಿಗೇ ಎರಡು ಸಲ ಬೇಕಾಗುತ್ತಿತ್ತು.

ಶೆಡ್ಡಿನಿಂದ ಟ್ರ್ಯಾಕ್ಟರ್ ಹೊರಬಂತು. ಸುತ್ತಿತು, ಹಿಂದಕ್ಕೆ ಸರಿಯಿತು, ಒಂದೇ ಸಲಕ್ಕೆ ದೋಣಿಯನ್ನು ಬೆಣ್ಣೆಯಲ್ಲಿ ಚಾಕು ಇಳಿಸಿದಂತೆ ನೀರಿಗಿಳಿಸಿತು.

ಬಂಡೆಯ ಮೇಲೆ ಅವನ ಮಂಡಿಗೆ ನೀರು ಬರುವಷ್ಟರಲ್ಲಿ ಚುಕ್ಕಾಣಿಯವನು ಬಂದು ಕೊರಳಪಟ್ಟಿ ಹಿಡಿದು ಒಳಗೆಳೆದುಕೊಂಡ.

“ಏನಣ್ಣಾ, ಟ್ರ್ಯಾಕ್ಟರ್ ಓಡಿಸೋದು ಮಹಾ ವಿದ್ಯೆ ಅಂತಿದ್ದೆ. ಆ ಪೇಂಟರ್ ಕೂತ, ಬಿಟ್ಟ, ಇಳಿಸಿದ. ಮುಂಚೆ ಹತ್ತು ವರ್ಷ ಟ್ರ್ಯಾಕ್ಟರಲ್ಲೇ ಗದ್ದೆ ಉಳ್ತಿದ್ದನಂತೆ.”

ಶೆಡ್ಡಿನಲ್ಲಿ ಕಂಬಳಿ ಹೊದ್ದು ಕೂತ ಟ್ರ್ಯಾಕ್ಟರಣ್ಣ ಬಂಡೆಯ ಮೇಲೆ ಇಸವಿ ಇಲ್ಲ, ಕುದುರೆಯ ಹೆಸರಷ್ಟೇ ಇದೆ ಎಂದು ವರದಿ ಕೊಟ್ಟ. ಇಸವಿ ಇಲ್ಲದಿದ್ದರೆ ನೂರೇ ಎಂದು ಅಧ್ಯಕ್ಷರು ನಿಟ್ಟುಸಿರು ಬಿಟ್ಟರು. ಕುದುರೆಯೂ ತಮ್ಮ ಮಾವನದೇ ಎಂದಳು ಅಜ್ಜಿ. ಅವನು ಜೇಬಿನ ಚೀಟಿ ತೆಗೆದ. ಕೈಗೆ ಬಂದದ್ದು ನೀಲಿ ಮುದ್ದೆ.

“ಅದು ಬಿಡಿ, ಈಗ ಬೇಕಾಗಲ್ಲ,” ಎಂದರು ಅಧ್ಯಕ್ಷರು. “ಆ ದಿನದ ರಕ್ಷಣೆ ಆ ದಿನವೇ ಬೋರ್ಡಿಗೆ ಏರಬೇಕು ಅನ್ನೋ ನಿಯಮವನ್ನ ಹಳೇ ದಾಖಲೆಯಿಂದ ಹುಡುಕಿ ತಂದೋರು ನೀವೇ. ಉಳಿದಿರೋದು ಒಂದೇ ಸಾಲು.” ಆಮೇಲೆ ಸಮಾಧಾನದ ದನಿಯಲ್ಲಿ ಹೇಳಿದರು: “ಆದ್ರೆ ನಿಮ್ಮ ಮಾತು ನಿಜ. ದೋಣಿ ಇಳಿಸಿದವನ ಹೆಸರೂ ಇರ್ಬೇಕು. ಇವತ್ತು ಕಣ್ಣಾರೆ ನೋಡಿದೆ.”

ಪೇಂಟರ್ ನಾಚಿಕೊಂಡ. ತಾರೀಖು ಬರೆದ. ಚುಕ್ಕಾಣಿಯವನ ಹೆಸರು ಬರೆದ. ‘ದಡದ ಸೇವೆ’ ಎಂದು ಬರೆದು, ಅದರ ಮುಂದೆ ತನ್ನ ಹೆಸರನ್ನು ದಿನವಿಡೀ ಬರೆದ ಅಕ್ಷರಗಳಿಗಿಂತ ಅಂದವಾಗಿ ಬರೆದ. ಉಳಿದ ಜೀವಗಳ ಜಾಗಕ್ಕೆ ಬಂದಾಗ ಕುಂಚ ಎತ್ತಿ ಹಿಡಿದು ತಿರುಗಿದ.

“ಅಣ್ಣಾ, ‘ಒಂದು’ ಅಕ್ಷರದಲ್ಲಿ ಬರೀಲಾ, ಅಂಕಿಯಲ್ಲಾ?”

ಟ್ರ್ಯಾಕ್ಟರಣ್ಣ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ನೂರು ವರ್ಷದಲ್ಲಿ ಒಂದು ತಪ್ಪೂ ಇರಲಿಲ್ಲ.

“ಅಂಕಿ ಸಾಕು,” ಎಂದ. “ಜಾಗ ಉಳಿಯುತ್ತೆ.”